ನಿಂತ ಮೇಲೆ ಹಾಕುವ ಬ್ರೇಕ್

ಸುಗ್ಗಿಯ ದಿನಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗಳ ಮುಂದೆ ತೋತಾಪುರಿ ತುಂಬಿದ ಟ್ರಾಕ್ಟರ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ರಸ್ತೆ ಸ್ವಲ್ಪ ವಾಟವಾಗಿದ್ದರೂ ಸಾಕು, ಡ್ರೈವರ್ ಇಳಿದು ಬಂದು ಟ್ರೇಲರಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟೇ ಟೀ ಕುಡಿಯಲು ಹೋಗುತ್ತಾನೆ. ಓಡುತ್ತಿರುವ ಟ್ರೇಲರಿಗೆ ಕಲ್ಲು ಕೊಟ್ಟು ನಿಲ್ಲಿಸಲು ಯಾರೂ ಹೋಗುವುದಿಲ್ಲ. ಹೋದರೆ ಏನಾಗುತ್ತದೆಂದು ಮಂಡಿಯಲ್ಲಿ ಕ್ರೇಟ್ ಹೊರುವ ಹುಡುಗನಿಗೂ ಗೊತ್ತು. ವೀಲ್‌ಚೇರಿನ ದೊಡ್ಡ ಚಕ್ರದ ಮುಂದೆ, ಕೂತವರ ತೊಡೆಯ ಪಕ್ಕದಲ್ಲಿರುವ ಆ ಪುಟ್ಟ ಹಿಡಿಕೆ ಇದೆಯಲ್ಲ, ಅದು ಈ ಕಲ್ಲು. ನಿಂತ ಚೇರನ್ನು ನಿಂತಲ್ಲೇ ಹಿಡಿದಿಡುವುದು ಅದರ ಕೆಲಸ. ಓಡುವ ಚೇರನ್ನು ತಡೆಯಲು ಅದನ್ನು ಮಾಡಿಲ್ಲ.

ಇಷ್ಟು ಗೊತ್ತಿಲ್ಲದೆ ಬೀಳುವವರು ಬಹಳ. ಅವರನ್ನು ದೂರುವಂತಿಲ್ಲ. ನಮ್ಮ ಊರುಗಳಲ್ಲಿ ವೀಲ್‌ಚೇರಿಗಿಂತ ಮೊದಲು ಬಂದದ್ದು ಕೈಯಿಂದ ಪೆಡಲ್ ತಿರುಗಿಸುವ ತ್ರಿಚಕ್ರ ಸೈಕಲ್ಲು. ಅದರ ಬ್ರೇಕ್ ಸೈಕಲ್ಲಿನ ಬ್ರೇಕೇ. ಹಿಡಿದಷ್ಟು ಗಾಡಿ ನಿಧಾನವಾಗುತ್ತದೆ. ಆ ಅಭ್ಯಾಸದಲ್ಲಿ ವೀಲ್‌ಚೇರಿಗೆ ಬಂದವರು ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಪಕ್ಕದ ಹಿಡಿಕೆಯನ್ನು ಎಳೆಯುತ್ತಾರೆ. ಎರಡೂ ಬದಿಯ ಹಿಡಿಕೆ ಒಂದೇ ಕ್ಷಣದಲ್ಲಿ ಕಚ್ಚುವುದಿಲ್ಲ. ಒಂದು ಚಕ್ರ ಮೊದಲು ಬಿಗಿಯುತ್ತದೆ, ಇನ್ನೊಂದು ಉರುಳುತ್ತಲೇ ಇರುತ್ತದೆ. ಚೇರು ಬಿಗಿದ ಚಕ್ರದ ಸುತ್ತ ಗಿರಕಿ ಹೊಡೆದು ಕೂತವರನ್ನು ಹೊರಗೆ ಚೆಲ್ಲುತ್ತದೆ. ಎರಡೂ ಒಟ್ಟಿಗೆ ಕಚ್ಚಿದರೂ ಕಷ್ಟವೇ: ಚಕ್ರ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ, ಮೊದಲು ನೆಲಕ್ಕೆ ಬಡಿಯುವುದು ಮೊಣಕಾಲು ಅಥವಾ ಮುಖ.

ವೇಗ ತಗ್ಗಿಸುವುದು ಕೈಗಳ ಕೆಲಸ. ತಾವೇ ತಳ್ಳಿಕೊಳ್ಳುವವರು ದೊಡ್ಡ ಚಕ್ರದ ಹೊರಗಿನ ಬಳೆಯನ್ನು ಎರಡೂ ಕಡೆ ಸಮನಾಗಿ ಅಂಗೈಗೆ ಉಜ್ಜಿಕೊಂಡು ಇಳಿಸಬೇಕು. ಉದ್ದದ ಇಳಿಜಾರಿನಲ್ಲಿ ಅಂಗೈ ಸುಡುತ್ತದೆ, ಹಾಗಾಗಿ ಬೈಕಿನವರು ಹಾಕುವಂಥ ಗ್ಲೌಸ್ ಇದ್ದರೆ ಒಳ್ಳೆಯದು. ಹಿಂದಿನಿಂದ ತಳ್ಳುವವರು ತಮ್ಮ ಮೈಭಾರದಿಂದಲೇ ಚೇರನ್ನು ಹಿಂದಕ್ಕೆ ಜಗ್ಗಿ ಹಿಡಿದು ನಡೆಯಬೇಕು. ಕೆಲವು ಚೇರುಗಳಲ್ಲಿ ಮಾತ್ರ ತಳ್ಳುವವರ ಹಿಡಿಕೆಯ ಕೆಳಗೆ ಸೈಕಲ್ಲಿನದರಂಥ ಲಿವರ್ ಇದ್ದು, ಅಲ್ಲಿಂದ ಒಂದು ವೈರು ಚಕ್ರದ ನಡುವಿನ ತನಕ ಹೋಗಿರುತ್ತದೆ. ಅದು ನಿಧಾನ ಮಾಡುವ ಬ್ರೇಕು. ಆ ವೈರು ನಿಮ್ಮ ಚೇರಿನಲ್ಲಿ ಕಾಣದಿದ್ದರೆ, ನಿಮ್ಮಲ್ಲಿರುವುದು ಕಲ್ಲು ಕೊಡುವ ಬ್ರೇಕು ಮಾತ್ರ.

ಈ ಬ್ರೇಕಿನ ರಚನೆ ಬಹಳ ಸರಳ. ಚೇರಿನ ಪೈಪಿಗೆ ಕ್ಲಾಂಪ್ ಹಾಕಿ ಬೋಲ್ಟಿನಿಂದ ಬಿಗಿದ ಒಂದು ಪಟ್ಟಿ, ಅದಕ್ಕೊಂದು ಹಿಡಿಕೆ. ಹಿಡಿಕೆಯನ್ನು ಮುಂದಕ್ಕೆ ತಳ್ಳಿದಾಗ, ಕೆಲವು ಮಾದರಿಗಳಲ್ಲಿ ಹಿಂದಕ್ಕೆ ಎಳೆದಾಗ, ಪಟ್ಟಿಯ ತುದಿಯ ಕಬ್ಬಿಣದ ಗುಬಟು ಟೈರನ್ನು ಅದುಮುತ್ತದೆ. ಟಕ್ ಎಂದು ಸದ್ದು ಬಂದು ಹಿಡಿಕೆ ತನ್ನಷ್ಟಕ್ಕೇ ಕೂತುಕೊಂಡರೆ ಬ್ರೇಕ್ ಬಿದ್ದಿದೆ ಎಂದರ್ಥ. ಅರ್ಧಕ್ಕೆ ನಿಂತ ಹಿಡಿಕೆ ಸ್ವಲ್ಪ ತಾಗಿದರೂ ವಾಪಸ್ ಜಿಗಿಯುತ್ತದೆ. ಗುಬಟು ಒತ್ತುವುದು ಹಿಂದಿನ ಎರಡು ದೊಡ್ಡ ಚಕ್ರಗಳನ್ನು ಮಾತ್ರ. ಮುಂದಿನ ಚಿಕ್ಕ ಚಕ್ರಗಳು ಬ್ರೇಕ್ ಹಾಕಿದ ಮೇಲೂ ಸ್ವತಂತ್ರವೇ. ಇದನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವ ಅನೇಕ ಸಂಗತಿಗಳಿಗೆ ಕಾರಣ ತಾನಾಗಿಯೇ ಸಿಗುತ್ತದೆ.

ನಾವು ಇವತ್ತು ಬಳಸುವ ಮಡಚುವ ವೀಲ್‌ಚೇರು ಬಂದದ್ದು ಗಣಿಯ ಅಪಘಾತವೊಂದರಿಂದ. ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ ಗಣಿಯಲ್ಲಿ ಬೆನ್ನು ಮುರಿದುಕೊಂಡು ನಡೆಯಲಾಗದಂತಾದ. ಆಗಿನ ಭಾರಿ ಚೇರುಗಳನ್ನು ಕಾರಿನೊಳಗೆ ಹಾಕಿಕೊಂಡು ಹೋಗುವಂತಿರಲಿಲ್ಲ. ಅವನೂ ಅವನ ಗೆಳೆಯ, ಮೆಕ್ಯಾನಿಕಲ್ ಎಂಜಿನಿಯರ್ ಹ್ಯಾರಿ ಜೆನ್ನಿಂಗ್ಸ್‌ನೂ ಸೇರಿ 1933ರಲ್ಲಿ ಕಬ್ಬಿಣದ ಪೈಪುಗಳನ್ನು ಕತ್ತರಿಯಾಕಾರದಲ್ಲಿ ಜೋಡಿಸಿ ಮಡಚುವ ಚೇರು ಮಾಡಿದರು. ಚಿನ್ನದ ಗಣಿಯಿದ್ದ ಜಿಲ್ಲೆಯವರಾದ ನಮಗೆ ಈ ಕಥೆ ಹೊರಗಿನದು ಅನ್ನಿಸಬಾರದು. ಕೆಜಿಎಫ್‌ನ ಎಷ್ಟು ಮನೆಗಳಲ್ಲಿ ಬೆನ್ನು ಹೋದ ಹಿರಿಯರಿದ್ದಾರೆಂದು ಅಲ್ಲಿನವರನ್ನು ಕೇಳಿದರೆ ತಿಳಿಯುತ್ತದೆ. ಮಡಚುವ ಚೇರಿನಿಂದ ಒಂದು ತೊಂದರೆಯೂ ಬಂತು. ಆಟೋದ ಹಿಂದೆ ತುರುಕುವಾಗ, ಬಸ್ಸಿನ ಟಾಪಿಗೆ ಏರಿಸುವಾಗ ಮೊದಲು ಪೆಟ್ಟು ತಿನ್ನುವುದು ಪಕ್ಕಕ್ಕೆ ಚಾಚಿಕೊಂಡ ಬ್ರೇಕಿನ ಹಿಡಿಕೆಯೇ. ಕ್ಲಾಂಪ್ ಪೈಪಿನ ಮೇಲೆ ಒಂದೆರಡು ನೂಲು ಜರುಗಿದರೂ ಗುಬಟು ಟೈರನ್ನು ಸರಿಯಾಗಿ ಮುಟ್ಟುವುದಿಲ್ಲ. ಆದ್ದರಿಂದ ಮಡಚಿ ಬಿಚ್ಚಿದ ಪ್ರತಿ ಸಲವೂ, ಯಾರನ್ನಾದರೂ ಕೂರಿಸುವ ಮೊದಲು, ಎರಡೂ ಬ್ರೇಕ್ ಹಾಕಿ ಹಿಂದಿನಿಂದ ಒಮ್ಮೆ ಜೋರಾಗಿ ತಳ್ಳಿ, ಒಮ್ಮೆ ಎಳೆದು ನೋಡಬೇಕು. ಚಕ್ರ ತಿರುಗಿದರೆ ಆ ಚೇರು ಇನ್ನೂ ಕೂರಲು ತಯಾರಾಗಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕೊಡುವ ಚೇರು, ಮತಗಟ್ಟೆಯಲ್ಲಿ ಇಟ್ಟಿರುವ ಚೇರು, ಎಲ್ಲಕ್ಕೂ ಇದು ಅನ್ವಯ. ಹಲವರ ಕೈ ದಾಟಿ ಬಂದ ಚೇರಿನ ಬ್ರೇಕನ್ನು ನಂಬುವ ಮೊದಲು ನೋಡುವುದು ಒಳ್ಳೆಯದು.

ಬ್ರೇಕ್ ಎಂದ ತಕ್ಷಣ ಜನ ಇಳಿಜಾರನ್ನು ನೆನೆಯುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚು ಎಚ್ಚರ ಬೇಕಾದ ಜಾಗ ಮನೆಯೊಳಗಿನ ಮಂಚದ ಪಕ್ಕ. ಮಂಚದಿಂದ ಚೇರಿಗೆ, ಚೇರಿನಿಂದ ಕಕ್ಕಸಿಗೆ, ಮತ್ತೆ ಚೇರಿಗೆ, ಮತ್ತೆ ಮಂಚಕ್ಕೆ. ದಿನಕ್ಕೆ ಎಷ್ಟೋ ಸಲ ನಡೆಯುವ ಈ ಏರಿಳಿತದಲ್ಲಿ ಒಂದು ಸಲ ಬ್ರೇಕ್ ಮರೆತರೂ ಸಾಕು. ಕೂರಲೆಂದು ಹಿಂದಕ್ಕೆ ಸರಿದಾಗ ತೊಡೆಯ ಹಿಂಭಾಗ ಸೀಟಿಗೆ ತಾಗುತ್ತದೆ, ತಾಗಿದ ಒತ್ತಿಗೆ ಚೇರು ಹಿಂದೆ ಹೋಗುತ್ತದೆ, ವಯಸ್ಸಾದವರು ನೆಲಕ್ಕೆ ಕುಕ್ಕರಿಸುತ್ತಾರೆ. ಸೊಂಟದ ಮೂಳೆ ಮುರಿದರೆ ಅದು ದೊಡ್ಡ ಶಸ್ತ್ರಚಿಕಿತ್ಸೆಯ ಮಾತು. ನಡೆಯಲಾರದವರು ಹಾಸಿಗೆಯನ್ನೇ ಬಿಡಲಾರದಂತೆ ಆಗುವುದು ಹೀಗೆ.

ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚೇರನ್ನು ಮಂಚಕ್ಕೆ ಒತ್ತಾಗಿ, ತುಸು ಓರೆಯಾಗಿ ತನ್ನಿ. ಲಕ್ವ ಹೊಡೆದು ಒಂದು ಬದಿ ಸೋತವರಾದರೆ ಅವರ ಗಟ್ಟಿ ಬದಿಗೆ ಚೇರು ಬರಲಿ. ಮುಂದೆ ತಂದು ನಿಲ್ಲಿಸಿದ ಚೇರನ್ನು ಒಂದು ಗೇಣು ಹಿಂದಕ್ಕೆ ಎಳೆಯಿರಿ. ಆಗ ಮುಂದಿನ ಚಿಕ್ಕ ಚಕ್ರಗಳು ತಿರುಗಿ ಮುಂದಕ್ಕೆ ಚಾಚಿಕೊಳ್ಳುತ್ತವೆ, ಚೇರಿನ ಕಾಲು ಉದ್ದವಾದ ಹಾಗಾಗುತ್ತದೆ, ಏಳುವಾಗ ಮುಂದಕ್ಕೆ ಬಾಗಿದರೂ ಮುಗ್ಗರಿಸುವ ಭಯ ಕಡಿಮೆ. ಈ ಒಂದು ಗೇಣಿನ ಹಿಂದೆಗೆತವನ್ನು ಹೇಳಿಕೊಟ್ಟವರನ್ನು ನಾನು ಕಂಡದ್ದು ಕಡಿಮೆ. ಆಮೇಲೆ ಎರಡೂ ಬ್ರೇಕ್. ಒಂದು ಬ್ರೇಕ್ ಹಾಕಿ ಇನ್ನೊಂದನ್ನು ಬಿಡುವುದು ಎರಡನ್ನೂ ಬಿಡುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಚೇರು ಭದ್ರವಾಗಿದೆ ಎಂದು ನಂಬಿ ಮೈಭಾರ ಹಾಕಿದ ಗಳಿಗೆಯಲ್ಲಿ ಅದು ಪಕ್ಕಕ್ಕೆ ತಿರುಗುತ್ತದೆ. ಬ್ರೇಕ್ ಹಾಕಿದ ಮೇಲೆ ಪಾದ ಇಡುವ ಪಟ್ಟಿಗಳನ್ನು ಎತ್ತಿ ಮಡಚಿ. ಅದರ ಮೇಲೆ ಕಾಲಿಟ್ಟು ಎದ್ದು ನಿಂತರೆ ಹಿಂದಿನ ಚಕ್ರ ಮೇಲೆದ್ದು ಇಡೀ ಚೇರು ಮುಂದಕ್ಕೆ ಮಗುಚುತ್ತದೆ, ಬ್ರೇಕ್ ಎಷ್ಟೇ ಬಿಗಿಯಾಗಿದ್ದರೂ. ಏಳಲು ಕೈ ಊರುವುದು ಕೈ ಇಡುವ ಹಿಡಿಗಳ ಮೇಲೆ. ಬ್ರೇಕಿನ ಹಿಡಿಕೆಯನ್ನು ಆಸರೆ ಮಾಡಿಕೊಂಡು ಎದ್ದರೆ ಅದು ಬಾಗುತ್ತದೆ, ಇಲ್ಲವೇ ಕಳಚಿಕೊಂಡು ಬ್ರೇಕ್ ಬಿಟ್ಟುಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಚೇರು ಜರುಗುವುದುಂಟು. ಮನೆಯ ನೆಲ ನುಣುಪಾದ ಗ್ರಾನೈಟೋ ರೆಡ್ ಆಕ್ಸೈಡೋ ಆಗಿದ್ದು ಈಗಷ್ಟೇ ಒರೆಸಿದ್ದರೆ, ಚಕ್ರ ತಿರುಗದೆಯೇ ಇಡೀ ಚೇರು ಜಾರುತ್ತದೆ. ಬ್ರೇಕು ಚಕ್ರವನ್ನು ಹಿಡಿಯುತ್ತದೆ, ಟೈರು ನೆಲವನ್ನು ಹಿಡಿಯಬೇಕು. ಅಂಥ ಮನೆಗಳಲ್ಲಿ ಚೇರಿನ ಬೆನ್ನನ್ನು ಗೋಡೆಗೆ ಆನಿಸಿ ನಿಲ್ಲಿಸುವುದು ಹಳೆಯ, ಒಳ್ಳೆಯ ಉಪಾಯ. ಬಚ್ಚಲಲ್ಲಂತೂ ಸೋಪಿನ ನೀರು ಬಿದ್ದ ಟೈರಿನ ಮೇಲೆ ಗುಬಟು ಜಾರುತ್ತದೆ. ಅಲ್ಲಿ ಬ್ರೇಕಿನ ಜೊತೆಗೆ ಒಬ್ಬರು ಹಿಡಿದೇ ಇರಬೇಕು.

ಇನ್ನು ಅಂಗಳ. ನಮ್ಮ ಕಡೆ ಮನೆ ಮುಂದಿನ ಅಂಗಳವನ್ನು ಮಟ್ಟವಾಗಿ ಯಾರೂ ಮಾಡುವುದಿಲ್ಲ. ಸಾರಿಸಿದ ನೀರು, ಮಳೆ ನೀರು ಹರಿದು ಚರಂಡಿಗೆ ಹೋಗಲೆಂದು ವಾಟ ಕೊಟ್ಟಿರುತ್ತಾರೆ. ಸಂಜೆ ಹೊತ್ತು ತಾತನನ್ನು ಗಾಳಿಗೆಂದು ಹೊರಗೆ ತಂದು ಬೀದಿಗೆ ಮುಖ ಮಾಡಿ ನಿಲ್ಲಿಸಿ ಒಳಗೆ ಹೋದರೆ, ಚೇರಿನ ಮುಖ ಚರಂಡಿಯ ಕಡೆಗಿರುತ್ತದೆ. ಇಳಿಜಾರಿಗೆ ಮುಖ ಮಾಡಿದ ಚೇರಿನಲ್ಲಿ ಭಾರ ಮುಂದಿನ ಚಿಕ್ಕ ಚಕ್ರಗಳ ಮೇಲೆ ಬೀಳುತ್ತದೆ, ಬ್ರೇಕ್ ಇರುವ ಹಿಂದಿನ ಚಕ್ರ ಹಗುರಾಗುತ್ತದೆ. ತಾತ ಬಿದ್ದ ಕೋಲನ್ನು ಎತ್ತಿಕೊಳ್ಳಲು ಬಾಗಿದರೆ ಅದು ಇನ್ನೂ ಹಗುರ. ಹಾಗಾಗಿ ವಾಟಕ್ಕೆ ಅಡ್ಡಲಾಗಿ ಚೇರು ನಿಲ್ಲಿಸಿ, ಎರಡೂ ಬ್ರೇಕ್ ಹಾಕಿ, ಆಮೇಲೆ ಒಳಗೆ ಹೋಗಿ. ರೈಲ್ವೆ ಪ್ಲಾಟ್‌ಫಾರಂ ಕೂಡ ಇಂಥದ್ದೇ. ಕಣ್ಣಿಗೆ ಮಟ್ಟವಾಗಿ ಕಂಡರೂ ನೀರು ನಿಲ್ಲದಿರಲೆಂದು ಅದಕ್ಕೂ ವಾಟವಿರುತ್ತದೆ. ಶ್ರೀನಿವಾಸಪುರ ಸ್ಟೇಷನ್ನಿನಲ್ಲಿ ಬಂಗಾರಪೇಟೆ ಕಡೆಯ ರೈಲಿಗೆ ಕಾಯುವಾಗ ಚೇರಿನ ಮುಖ ಹಳಿಯ ಕಡೆಗಿರಬಾರದು. ಹಳಿಗೆ ಸಮಾನಾಂತರವಾಗಿ, ದೂರದಲ್ಲಿ, ಬ್ರೇಕ್ ಹಾಕಿ ನಿಲ್ಲಿಸಬೇಕು. ರೈಲು ಬಂತೆಂದು ಎಲ್ಲರೂ ಲಗೇಜಿಗೆ ಕೈ ಹಾಕುವ ಗಡಿಬಿಡಿಯಲ್ಲೂ ಒಂದು ಕೈ ಚೇರಿನ ಮೇಲಿರಲಿ.

ಇಳಿಜಾರಿನ ಲೆಕ್ಕ ನೋಡೋಣ. ಕೂತವರ ತೂಕ 60 ಕೆ.ಜಿ., ಚೇರಿನದು 18 ಕೆ.ಜಿ. ಎಂದಿಟ್ಟುಕೊಳ್ಳಿ. ಒಟ್ಟು 78. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಇದ್ದರೆ ಚೇರನ್ನು ಕೆಳಕ್ಕೆ ಎಳೆಯುವ ಬಲ ಸುಮಾರು ಆರೂವರೆ ಕೆ.ಜಿ. ಭಾರದಷ್ಟು. ಹೆಂಗಸರೊಬ್ಬರು ನಿಧಾನವಾಗಿ ತಡೆದು ಇಳಿಸಬಹುದು. ಅದೇ ಒಂದಡಿ ಎತ್ತರಕ್ಕೆ ನಾಲ್ಕಡಿಯ ಹಲಗೆ ಇಟ್ಟರೆ ಎಳೆತ ಹತ್ತಿರ ಹತ್ತಿರ ಇಪ್ಪತ್ತು ಕೆ.ಜಿ. ಆಗುತ್ತದೆ. ಕಲ್ಲು ಚಪ್ಪಡಿಯ ಮೆಟ್ಟಿಲಿನ ಮೇಲೆ ಹಲಗೆ ಹಾಕಿ ಇಳಿಸುವ ನಮ್ಮ ಮನೆಗಳಲ್ಲಿ ಆಗುತ್ತಿರುವುದು ಇದೇ. ಎರಡಡಿ ಎತ್ತರದ ಜಗಲಿಗೆ ಇಪ್ಪತ್ನಾಲ್ಕು ಅಡಿ ರ‍್ಯಾಂಪ್ ಬೇಕು ಎಂದರೆ ಜಾಗ ಎಲ್ಲಿದೆ ಎಂದು ಕೇಳುತ್ತಾರೆ. ನಿಜ, ಹಳೆಯ ಬೀದಿಗಳಲ್ಲಿ ಜಾಗವಿಲ್ಲ. ಅಲ್ಲಿ ಹಲಗೆಯೇ ಗತಿಯಾದರೆ ಇಳಿಸುವ ಕ್ರಮವಾದರೂ ಸರಿಯಿರಲಿ: ಕೂತವರ ಮುಖ ಮನೆಯ ಕಡೆಗೆ, ತಳ್ಳುವವರು ಕೆಳಗೆ, ಚೇರು ಹಿಂದು ಹಿಂದಾಗಿ ಇಳಿಯಬೇಕು. ದೊಡ್ಡ ಚಕ್ರ ಮೊದಲು ಕೆಳಗೆ ಬರುತ್ತದೆ, ಕೂತವರು ಚೇರಿನ ಬೆನ್ನಿಗೆ ಒರಗಿಯೇ ಇರುತ್ತಾರೆ. ಭಾರ ಹೆಚ್ಚಿದ್ದರೆ ಮೇಲುಗಡೆಯಿಂದ ಇನ್ನೊಬ್ಬರು ಚೇರಿನ ಗಟ್ಟಿ ಪೈಪನ್ನು ಹಿಡಿಯಲಿ. ಕಳಚಿಕೊಳ್ಳುವ ಕೈಹಿಡಿಯನ್ನಾಗಲೀ ಪಾದಪಟ್ಟಿಯನ್ನಾಗಲೀ ಹಿಡಿದರೆ ಅದು ಕೈಗೇ ಬಂದುಬಿಡುತ್ತದೆ. ಅರ್ಧದಾರಿಯಲ್ಲಿ ಸುಸ್ತಾಯಿತೆಂದು ಬ್ರೇಕ್ ಹಾಕಿ ನಿಲ್ಲಿಸುವುದಂತೂ ಬೇಡವೇ ಬೇಡ.

ಮನೆಗೆ ಜಾಗವಿಲ್ಲ, ಸರಿ. ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ, ಶಾಲೆಗೆ ಆ ಮಾತು ನಡೆಯುವುದಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 2021ರಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಮಾರ್ಗಸೂಚಿ ಒಂದಕ್ಕೆ ಹನ್ನೆರಡರ ಇಳಿಜಾರನ್ನೇ ಹೇಳುತ್ತದೆ, ಜೊತೆಗೆ ರ‍್ಯಾಂಪಿನ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಮಟ್ಟಸ ಜಾಗ ಕೇಳುತ್ತದೆ. ಈ ಮಟ್ಟಸ ಜಾಗ ಬ್ರೇಕಿನ ವಿಷಯಕ್ಕೆ ತುಂಬ ಮುಖ್ಯ. ಅದಿಲ್ಲದೆ ರ‍್ಯಾಂಪು ನೇರವಾಗಿ ಬಾಗಿಲಿಗೇ ಮುಟ್ಟಿದರೆ, ಬಾಗಿಲು ತೆಗೆಯಲು ಚಕ್ರದಿಂದ ಕೈ ಬಿಟ್ಟವರು ಇಳಿಜಾರಿನ ಮೇಲೆಯೇ ಇರುತ್ತಾರೆ, ಚೇರು ಹಿಂದಕ್ಕೆ ಹೊರಡುತ್ತದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯದ ನಿಯಮಗಳಿರಬೇಕು ಎಂದು ಹೇಳಿತು. ನಮ್ಮ ಊರಿನ ಕಟ್ಟಡಗಳ ಮುಂದಿನ ರ‍್ಯಾಂಪುಗಳನ್ನು ಒಂದು ಟೇಪು ಹಿಡಿದು ಅಳೆದು ನೋಡುವ ಕೆಲಸವನ್ನು ಕಾಲೇಜು ಹುಡುಗರೂ ಮಾಡಬಹುದು. ಬೈಕ್ ಹತ್ತಿಸಲೆಂದು ಕಟ್ಟಿದ ಇಳಿಜಾರು ಯಾವುದು, ವೀಲ್‌ಚೇರಿಗೆಂದು ಕಟ್ಟಿದ್ದು ಯಾವುದು ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಬ್ರೇಕ್ ಹಿಡಿಯುತ್ತಿಲ್ಲ ಎಂದು ಬರುವ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಬ್ರೇಕನ್ನಲ್ಲ, ಟೈರಿನ ಗಾಳಿಯನ್ನು. ಗುಬಟು ಟೈರಿನ ಮೇಲೆ ಒತ್ತಿ ನಿಲ್ಲುತ್ತದೆ ಎಂದೆನಲ್ಲ, ಟೈರೇ ಮೆತ್ತಗಾಗಿದ್ದರೆ ಅದು ಒತ್ತುವುದಾದರೂ ಏನನ್ನು? ಗಾಳಿಯ ಟೈರಾದರೆ ಎಷ್ಟು ತುಂಬಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಯಾವುದೇ ಪಂಕ್ಚರ್ ಅಂಗಡಿಯಲ್ಲಿ ಈ ಕೆಲಸ ಆಗುತ್ತದೆ. ಕೆಲವು ಚೇರುಗಳ ನಾಝಲ್ ಬೈಕಿನದರಂತಿರುತ್ತದೆ, ಕೆಲವುದರದು ಸೈಕಲ್ಲಿನದರಂತೆ. ಕಂಪ್ರೆಸರ್‌ನಲ್ಲಿ ಲಾರಿ ಟೈರಿಗೆ ಬಿಡುವ ಹಾಗೆ ಒಮ್ಮೆಲೇ ಬಿಟ್ಟರೆ ಸಣ್ಣ ಟ್ಯೂಬು ಸಿಡಿದುಹೋಗುತ್ತದೆ, ನಿಂತು ನೋಡಿಕೊಳ್ಳಬೇಕು. ಎರಡೂ ಚಕ್ರದಲ್ಲಿ ಗಾಳಿ ಸಮನಾಗಿರಲಿ, ಇಲ್ಲದಿದ್ದರೆ ಚೇರು ಒಂದು ಕಡೆಗೆ ಎಳೆಯುತ್ತದೆ, ಆ ಬದಿಯ ಬ್ರೇಕೂ ಸಡಿಲವಾಗುತ್ತದೆ.

ಗಾಳಿ ತುಂಬಿದ ಮೇಲೆಯೇ ಬ್ರೇಕಿನ ಬೋಲ್ಟಿಗೆ ಕೈ ಹಾಕಬೇಕು. ಈ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ: ಮೆತ್ತನೆಯ ಟೈರಿಗೆ ಹೊಂದಿಸಿ ಕ್ಲಾಂಪನ್ನು ಹಿಂದಕ್ಕೆ ಸರಿಸಿ ಬಿಗಿದಿರಿ, ಆಮೇಲೆ ಗಾಳಿ ತುಂಬಿದಿರಿ ಎನ್ನಿ, ಹಿಡಿಕೆ ಯಾರ ಕೈಗೂ ಜಗ್ಗುವುದಿಲ್ಲ. ಸರಿಯಾಗಿ ಹೊಂದಿಸಿದ ಬ್ರೇಕು ಹಾಕಿದಾಗ ಟೈರು ಗುಬಟಿನ ಕೆಳಗೆ ಸ್ವಲ್ಪ ತಗ್ಗಿರುತ್ತದೆ. ಬಿಟ್ಟಾಗ ಚಕ್ರ ಎಲ್ಲೂ ಉಜ್ಜದೆ ಸಲೀಸಾಗಿ ತಿರುಗುತ್ತದೆ. ಬೇಕಾಗುವುದು ಒಂದು ಎಲ್-ಕೀ ಅಥವಾ ಸ್ಪ್ಯಾನರ್, ಸೈಕಲ್ ಶಾಪಿನವರಲ್ಲಿ ಇರುವಂಥದ್ದೇ. ಬೋಲ್ಟು ಸಡಿಲಿಸಿ, ಕ್ಲಾಂಪನ್ನು ಚಕ್ರದ ಕಡೆಗೆ ತುಸು ತಳ್ಳಿ, ಮತ್ತೆ ಬಿಗಿದು, ಪರೀಕ್ಷಿಸಿ. ಎರಡೂ ಬದಿಗೂ ಹೀಗೆಯೇ. ಟೈರು ಗಟ್ಟಿ ರಬ್ಬರಿನದಾದರೆ ಗಾಳಿಯ ತಾಪತ್ರಯ ಇಲ್ಲ, ಆದರೆ ವರ್ಷ ಕಳೆದಂತೆ ರಬ್ಬರು ಸವೆದು ಗುಬಟಿಗೂ ಟೈರಿಗೂ ನಡುವೆ ಸಂದು ಬೀಳುತ್ತದೆ. ಅದಕ್ಕೂ ಇದೇ ಮದ್ದು. ತೀರ ಸವೆದಿದ್ದರೆ ಟೈರನ್ನೇ ಬದಲಿಸಬೇಕು. ಹಿಡಿಕೆ ಕಿರುಗುಟ್ಟುತ್ತದೆಂದು ಕೊಬ್ಬರಿ ಎಣ್ಣೆ ಸುರಿಯುವವರಿದ್ದಾರೆ. ಹಿಡಿಕೆ ಮಡಚುವ ಕೀಲಿಗೆ ಒಂದು ಹನಿ ಎಣ್ಣೆ ಸಾಕು, ಗುಬಟಿಗೂ ಟೈರಿಗೂ ಎಣ್ಣೆ ತಾಗಲೇಬಾರದು. ಮಳೆಗಾಲದಲ್ಲಿ ನಮ್ಮ ಕೆಮ್ಮಣ್ಣು ಟೈರಿಗೆ ಮೆತ್ತಿಕೊಂಡರೆ ಗುಬಟು ಮಣ್ಣಿನ ಮೇಲೆ ಜಾರುತ್ತದೆ. ಹೊರಗಿನಿಂದ ಬಂದ ಮೇಲೆ ಟೈರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಬ್ರೇಕ್ ಹಾಕಿ.

ನಾನು ಸೈಕಲ್ ಶಾಪಿನವರ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಚೇರು ಕೆಟ್ಟರೆ ಕೋಲಾರಕ್ಕೋ ಬೆಂಗಳೂರಿಗೋ ಒಯ್ಯಬೇಕು ಎಂದುಕೊಂಡು ಮೂಲೆಗೆ ತಳ್ಳಿದ ಮನೆಗಳು ರೋಣೂರು, ಯಲ್ದೂರು, ರಾಯಲ್ಪಾಡು ಕಡೆಯ ಹಳ್ಳಿಗಳಲ್ಲಿ ಸಾಕಷ್ಟಿವೆ. ಆಂಧ್ರದ ಗಡಿಯ ಊರುಗಳಿಂದಂತೂ ತಾಲ್ಲೂಕು ಕೇಂದ್ರಕ್ಕೆ ಬರುವುದೇ ಒಂದು ದಿನದ ಕೆಲಸ. ಸೈಕಲ್ ರಿಪೇರಿ ಗೊತ್ತಿರುವವರು ಮಾತ್ರ ಹೆಚ್ಚುಕಡಿಮೆ ಎಲ್ಲ ದೊಡ್ಡ ಹಳ್ಳಿಗಳಲ್ಲೂ ಸಿಗುತ್ತಾರೆ. ಟ್ಯೂಬು, ಟೈರು, ಬೇರಿಂಗು, ಬೋಲ್ಟು, ಇವೆಲ್ಲ ಅವರ ಕೈ ಪಳಗಿದ ಕೆಲಸವೇ. ಚೇರು ನೋಡಿ ಹಿಂಜರಿಯುವ ಮೆಕ್ಯಾನಿಕ್‌ಗೆ ಇದೂ ಒಂದು ಸೈಕಲ್ಲೇ ಅಣ್ಣ ಎಂದು ಹೇಳಿ ಧೈರ್ಯ ತುಂಬುವುದು ಬಾಕಿ.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ಸಂಗತಿ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ಭಾರತೀಯ ಮಾನಕ. ಆಳದ ಬೋರ್‌ವೆಲ್ ನೀರನ್ನೇ ನಂಬಿದ ಕೋಲಾರ ಸೀಮೆಯ ಅನೇಕ ಊರುಗಳು ಅದನ್ನು ಮೀರಿದ ನೀರು ಕುಡಿದಿವೆ. ವರ್ಷಾನುಗಟ್ಟಲೆ ಅಂಥ ನೀರು ಕುಡಿದವರಲ್ಲಿ ಬೆನ್ನು, ಕತ್ತು, ಮಂಡಿ ಸೆಟೆದುಕೊಳ್ಳುತ್ತವೆ. ಅಂಥವರಿಗೆ ಬಾಗಿ ತೊಡೆಯ ಕೆಳಗಿನ ಹಿಡಿಕೆಯನ್ನು ಮುಟ್ಟುವುದೇ ಆಗುವುದಿಲ್ಲ. ಹಿಡಿಕೆಗೆ ಪೈಪಿನ ತುಂಡು ತೊಡಿಸಿ ಉದ್ದ ಮಾಡಿದರೆ ಕೈಗೆಟುಕುತ್ತದೆ, ಕಡಿಮೆ ಬಲವೂ ಸಾಕಾಗುತ್ತದೆ. ತೀರ ಉದ್ದ ಬೇಡ, ಸೀರೆಯ ಸೆರಗೋ ಪಂಚೆಯೋ ಸಿಕ್ಕಿಕೊಂಡು ಬ್ರೇಕ್ ತಾನಾಗಿ ಬಿಡಬಹುದು. ಚೇರಿನಿಂದ ಏಳುವಾಗ ತೆಗೆದಿಡುವಂತೆಯೂ ಇರಬೇಕು. ಫಿಸಿಯೊಥೆರಪಿಸ್ಟ್ ಒಬ್ಬರನ್ನು ಕೇಳಿ ಮಾಡಿಸುವುದು ಕ್ಷೇಮ.

ಲಕ್ವ ಹೊಡೆದವರಲ್ಲಿ ಇನ್ನೊಂದು ತೊಡಕು. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ತಮ್ಮ ಎಡಗಡೆ ಒಂದು ಲೋಕ ಇದೆ ಎಂಬುದೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿ ಇರುತ್ತದೆ, ಆದರೂ ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತದೆ. ಅವರು ಬಲಗಡೆಯ ಬ್ರೇಕ್ ಹಾಕಿ ಎದ್ದುಬಿಡುತ್ತಾರೆ. ಬೇಜವಾಬ್ದಾರಿ ಎಂದು ಮನೆಯವರು ಗದರುತ್ತಾರೆ. ಅದು ಕಾಯಿಲೆಯ ಲಕ್ಷಣ, ಗದರಿಕೆಯಿಂದ ಹೋಗುವಂಥದ್ದಲ್ಲ. ಎಡಗಡೆಯ ಹಿಡಿಕೆಗೆ ಢಾಳಾದ ಕೆಂಪು ಟೇಪು ಸುತ್ತಿ, ಏಳುವ ಮೊದಲು ಕತ್ತು ತಿರುಗಿಸಿ ಆ ಕೆಂಪನ್ನು ಹುಡುಕುವುದನ್ನು ಅಭ್ಯಾಸ ಮಾಡಿಸಬೇಕು. ಮರೆವಿನ ಕಾಯಿಲೆ ಇರುವವರಿಗೆ ಅದೂ ಸಾಲದು. ಎದ್ದ ಕೂಡಲೇ ತಾನಾಗಿ ಚಕ್ರ ಬಿಗಿಯುವ ಸಾಧನಗಳು ಬಂದಿವೆ, ಆದರೆ ನಮ್ಮಂಥ ಊರುಗಳಲ್ಲಿ ಸದ್ಯಕ್ಕೆ ಮನೆಯವರ ಕಣ್ಣೇ ಗತಿ.

ಬ್ರೇಕು ಯಾರ ಕೈಯಲ್ಲಿರಬೇಕು ಎಂಬುದನ್ನೂ ಹೇಳಬೇಕು. ಹಾಕಲು, ತೆಗೆಯಲು ಕೂತವರಿಗೆ ಆಗುವುದಾದರೆ ಅದು ಅವರದೇ ಕೆಲಸ. ಅಜ್ಜಿ ಅಡುಗೆಮನೆಗೆ ಬಂದು ಏನಾದರೂ ಕೆಡವುತ್ತಾರೆಂದು ಅವರ ಕೈಗೆಟುಕದ ಹಾಗೆ ಬ್ರೇಕ್ ಬಿಗಿದು ಕೂರಿಸುವುದು ಕಾಲು ಕಟ್ಟಿಹಾಕಿದಂತೆಯೇ. ಪ್ರೀತಿಯಿಂದ ಮಾಡಿದರೂ ಅದು ತಪ್ಪು. ಹಾಗೆಯೇ, ಹಿಂದೆ ನಿಂತವರು ಸದ್ದಿಲ್ಲದೆ ಬ್ರೇಕ್ ತೆಗೆದು ಚೇರನ್ನು ನೂಕಿದರೆ ಕೂತವರ ಎದೆ ಧಸಕ್ಕೆನ್ನುತ್ತದೆ, ಚಕ್ರದ ಮೇಲಿದ್ದ ಕೈ ಸಿಕ್ಕಿಕೊಳ್ಳುತ್ತದೆ. "ತಾತ, ಬ್ರೇಕ್ ತೆಗೀತಾ ಇದೀನಿ, ಕೈ ಒಳಗಿಟ್ಕೊಳ್ಳಿ" ಎಂದು ಮೊಮ್ಮಗ ಹೇಳಲಿ. "ಅತ್ತೆ, ಬ್ರೇಕ್ ಹಾಕಿದೀನಿ, ಈಗ ಏಳಿ" ಎಂದು ಸೊಸೆ ಹೇಳಲಿ. ಈ ಮಾತು ಆಡಿದಾಗ ಹೇಳುವವರ ಕಣ್ಣೂ ಹಿಡಿಕೆಯ ಮೇಲೆ ಹೋಗುತ್ತದೆ, ಮರೆತಿದ್ದರೆ ಅಲ್ಲಿಯೇ ನೆನಪಾಗುತ್ತದೆ.

ಬ್ಯಾಟರಿ ಚೇರುಗಳ ವಿಷಯ ಚಿಕ್ಕದಾಗಿ. ಅದರ ಜಾಯ್‌ಸ್ಟಿಕ್ ಬಿಟ್ಟರೆ ಮೋಟರಿನೊಳಗಿನ ಬ್ರೇಕು ತಾನಾಗಿ ಬೀಳುತ್ತದೆ. ಆದರೆ ಬ್ಯಾಟರಿ ಮುಗಿದಾಗ ಕೈಯಿಂದ ತಳ್ಳಲೆಂದು ಮೋಟರ್ ಹತ್ತಿರ ಒಂದು ಲಿವರ್ ಇರುತ್ತದೆ. ಅದನ್ನು ತಿರುಗಿಸಿದರೆ ಬ್ರೇಕ್ ಇರುವುದೇ ಇಲ್ಲ. ಇಳಿಜಾರಿನ ಮೇಲೆ ಅದಕ್ಕೆ ಕೈ ಹಾಕಬಾರದು, ತಳ್ಳಿ ಮುಗಿದ ಕೂಡಲೇ ಮೊದಲಿನಂತೆ ಮಾಡಬೇಕು. ಯಾವ ಚೇರಾದರೂ ಸರಿ, ಜನರನ್ನು ಕೂರಿಸಿಕೊಂಡೇ ಟಾಟಾ ಏಸ್ ಹಿಂಭಾಗದಲ್ಲಿ ಒಯ್ಯುವುದು ಬೇಡ. ಗಾಡಿ ತಿರುವಿನಲ್ಲಿ ತಿರುಗಿದಾಗ ಬ್ರೇಕ್ ಹಾಕಿದ ಚೇರೂ ಮಗುಚುತ್ತದೆ. ಅವರನ್ನು ಗಾಡಿಯ ಸೀಟಿನಲ್ಲಿ ಕೂರಿಸಿ, ಚೇರನ್ನು ಮಡಚಿ ಹಗ್ಗದಿಂದ ಕಟ್ಟಿ.

ಚೇರು ಸಿಗುವ ದಾರಿಗಳು ಹೆಚ್ಚಿವೆ. ಕೇಂದ್ರದ ಎಡಿಪ್ ಯೋಜನೆ 1981ರಿಂದ ಇದೆ; ಬಡ ಹಿರಿಯ ನಾಗರಿಕರಿಗಾಗಿ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಶುರುವಾಯಿತು. ರಾಜ್ಯದಲ್ಲಿ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಇವರಲ್ಲಿ ಅನೇಕರು ಸ್ವತಃ ಅಂಗವಿಕಲರಾದ್ದರಿಂದ ಚೇರಿನ ಕಷ್ಟ ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರಡಿಸಿದ ವೀಲ್‌ಚೇರ್ ಮಾರ್ಗಸೂಚಿ ಚೇರು ಕೊಡುವುದನ್ನು ಒಂದೇ ಕೆಲಸವಾಗಿ ನೋಡುವುದಿಲ್ಲ. ಅಳತೆ ತೆಗೆಯುವುದು, ಹೊಂದಿಸುವುದು, ಬಳಸುವವರಿಗೂ ಮನೆಯವರಿಗೂ ಕಲಿಸುವುದು, ಆಮೇಲೆ ರಿಪೇರಿಗೆ ಒದಗುವುದು, ಇಷ್ಟನ್ನೂ ಒಟ್ಟಿಗೆ ಕೇಳುತ್ತದೆ. ಶಿಬಿರಗಳಲ್ಲಿ ಶಾಮಿಯಾನ, ಭಾಷಣ, ಫೋಟೊ ಮುಗಿಯುವ ಹೊತ್ತಿಗೆ ಕಲಿಸುವ ಪಾಲಿಗೆ ಸಮಯ ಉಳಿಯುವುದಿಲ್ಲ. ಹಾಗಾಗಿ ಚೇರು ಪಡೆಯುವವರೇ ಅಲ್ಲಿ ನಿಂತು ಕೇಳಬೇಕು: ಬ್ರೇಕ್ ಹಾಕಿ ತೋರಿಸಿ, ನಮ್ಮ ಕೈಯಿಂದ ಹಾಕಿಸಿ, ಇದರ ಬೋಲ್ಟಿಗೆ ಯಾವ ಅಳತೆಯ ಕೀ ಬೇಕು ಹೇಳಿ, ಟೈರು ಸವೆದರೆ ಎಲ್ಲಿ ಸಿಗುತ್ತದೆ ಹೇಳಿ. ಕೇಳದೆ ಚೇರು ಹೊತ್ತುಕೊಂಡು ಮನೆಗೆ ಬರಬೇಡಿ.

ಪಂಚಾಯಿತಿಗಳಿಗೂ ಒಂದು ಕೋರಿಕೆ. ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು ಎಂಬ ನಿಯಮ ಕರ್ನಾಟಕದಲ್ಲಿದೆ. ಹೊಸ ಚೇರು ಕೊಡಿಸುವುದಕ್ಕೆ ಆ ಹಣ ಹೋಗುತ್ತದೆ, ಹೋಗಲಿ. ಅದರಲ್ಲೇ ಸಣ್ಣದೊಂದು ಪಾಲನ್ನು ವರ್ಷಕ್ಕೆರಡು ಸಲ ಊರಿನ ಸೈಕಲ್ ಮೆಕ್ಯಾನಿಕ್‌ಗೆ ಕೊಟ್ಟು, ಮಳೆಗಾಲ ಮುಗಿದ ಮೇಲೆ ಒಮ್ಮೆ, ಮಾವಿನ ಸುಗ್ಗಿಗೆ ಮೊದಲು ಒಮ್ಮೆ, ಪಂಚಾಯಿತಿಯ ಎಲ್ಲ ವೀಲ್‌ಚೇರು, ತ್ರಿಚಕ್ರ ಸೈಕಲ್ಲುಗಳ ಗಾಳಿ, ಟೈರು, ಬ್ರೇಕು ನೋಡಿಸಲಿ. ಪುನರ್ವಸತಿ ಕಾರ್ಯಕರ್ತರ ಬಳಿ ಮನೆಗಳ ಪಟ್ಟಿ ಈಗಾಗಲೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಯಾರಾದರೂ ಎದ್ದು ಕೇಳಿದರೆ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕಾಗುತ್ತದೆ.